ಪರದೆಯ ಉತ್ತರಕ್ಕೆ

ನೌಕಾನೆಲೆಯ ಎಂಟು ಗಂಟೆಯ ಸೈರನ್ ಕೂಗುವ ಮೊದಲೇ ಅವನು ಮೂರು ಸಲ ಅಂಗಿ ಬದಲಾಯಿಸಿದ್ದ. ಬಿಳಿಯದನ್ನು ಹಾಕಿಕೊಂಡರೆ ನೌಕಾಪಡೆಯವರನ್ನು ಅಣಕಿಸಿದಂತೆ ಕಾಣುತ್ತದೆ. ನೀಲಿಯದರ ಜೇಬು ಕಿತ್ತಿದೆ. ಗೆರೆಗಳಿರುವುದು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ದಿನ ತೊಟ್ಟಿದ್ದದ್ದು, ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ಕೊನೆಗೆ ಅದನ್ನೇ ತೊಟ್ಟು, ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿ, ಬಿಚ್ಚಿ, ಮತ್ತೆ ಹಾಕಿದ. ಅರವತ್ತೇಳು ವರ್ಷದವನ ಎದೆ ಹೀಗೆ ಹೊಡೆದುಕೊಳ್ಳಬಾರದು, ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ, ಎಂದುಕೊಂಡವನಿಗೆ ತಾನು ಹೊರಟಿರುವುದೂ ಹೆಚ್ಚುಕಡಿಮೆ ಅದಕ್ಕೇ ಎಂದು ಹೊಳೆದು ನಗು ಬಂತು. ನಗುವಿನ ಬೆನ್ನಿಗೇ ನಾಚಿಕೆ. ದೇವರ ಗೂಡಿನ ಮುಂದೆ ನಿಂತು ಕೈಮುಗಿದ. ಅವಳು ಅಳುತ್ತಿರದಿದ್ದರೆ ಸಾಕು ಎಂದು ಕೇಳಿಕೊಂಡ. ಕೇಳಿಕೊಂಡ ಮೇಲೆ ಅದು ತೀರ ಸಣ್ಣ ಬೇಡಿಕೆ ಎನಿಸಿತು. ದೇವರ ಹತ್ತಿರವೂ ಸಂಕೋಚವೇಕೆ ಎಂದು, ನಗುತ್ತಿದ್ದರೆ ಇನ್ನೂ ಒಳ್ಳೆಯದು ಎಂದು ಸೇರಿಸಿದ.

ಮೂವತ್ತನಾಲ್ಕು ವರ್ಷದಿಂದ ಅವನು ಈ ಊರಿನ ಮರಳ ಮೇಲೆ ನಿಂತು ಪ್ರವಾಸಿಗರ ಫೋಟೋ ತೆಗೆದವನು. ಊರು ಒಂದು ಕೊಲ್ಲಿಯ ಸುತ್ತ ಕುಳಿತಿದೆ. ದಕ್ಷಿಣಕ್ಕೆ ಹೋಟೆಲುಗಳು, ಬಣ್ಣದ ಕೊಡೆಗಳು, ರಜೆಗೆ ಬಂದವರ ಕಿರುಚಾಟ. ಉತ್ತರದ ಗುಡ್ಡದ ಬುಡದಲ್ಲಿ ನೌಕಾನೆಲೆ, ಬೂದು ಹಡಗುಗಳು, ಗುಡ್ಡದ ನೆತ್ತಿಯಲ್ಲಿ ಕಾವಲು ಗೋಪುರ. ಹೋಟೆಲುಗಳ ಉತ್ತರದ ಕಿಟಕಿಗಳಿಗೆಲ್ಲ ಮಸುಕು ಗಾಜು ಹಾಕಬೇಕೆಂದು ಆಜ್ಞೆಯಿದೆ. ಬಂದವರು ಕಿಟಕಿ ಕೊಳೆಯಾಗಿದೆಯೆಂದು ಒದ್ದೆ ಬಟ್ಟೆಯಿಂದ ಉಜ್ಜುತ್ತಾರೆ. ಹಡಗು, ನೆಲೆ, ಗೋಪುರ ಯಾವುದೂ ಯಾರ ಫೋಟೋದಲ್ಲೂ ಬೀಳಕೂಡದು. ಆದರೆ ಇಲ್ಲಿ ಸೂರ್ಯ ವರ್ಷದ ಬಹುಪಾಲು ದಕ್ಷಿಣಕ್ಕೆ ವಾಲಿಯೇ ಓಡಾಡುತ್ತಾನೆ. ಮುಖಕ್ಕೆ ಬೆಳಕು ಬೀಳಬೇಕಾದರೆ ಜನ ದಕ್ಷಿಣಕ್ಕೆ ಮುಖಮಾಡಿ ನಿಲ್ಲಬೇಕು. ಹಾಗೆ ನಿಂತರೆ ಬೆನ್ನ ಹಿಂದೆ ಹಡಗು. ಬೇರೆ ಫೋಟೋದವರು ಜನರನ್ನು ತಿರುಗಿಸಿ ನಿಲ್ಲಿಸಿ ಕಪ್ಪು ಮುಖಗಳನ್ನು ತೆಗೆದುಕೊಟ್ಟರು. ಇವನೊಬ್ಬ ಪರದೆ ಹೊಲಿಸಿದ. ಎಂಟು ಅಡಿ ಅಗಲದ ದಪ್ಪ ಬಟ್ಟೆ, ಅದರ ಮೇಲೆ ಆಕಾಶ, ಎರಡು ಹಕ್ಕಿ, ದೂರದಲ್ಲಿ ಒಂದು ಹಾಯಿದೋಣಿ. ಒಂದು ಅಂಚು ಮರಳಲ್ಲಿ ನೆಟ್ಟ ಕಬ್ಬಿಣದ ಗೂಟಕ್ಕೆ. ಇನ್ನೊಂದು ಅಂಚಿನ ಬಿದಿರು ಹೆಂಡತಿಯ ಕೈಗೆ. ಎರಡೂ ಕಡೆ ಗೂಟ ನೆಟ್ಟರೆ ಗಾಳಿ ಪರದೆಯನ್ನು ಹರಿದುಹಾಕುತ್ತಿತ್ತು. ಗಾಳಿ ಬಂದಾಗ ಒಂದು ಗೇಣು ಸಡಿಲ ಬಿಟ್ಟು, ನಿಂತಾಗ ಎಳೆದುಕೊಳ್ಳಲು ಅಲ್ಲಿ ಮನುಷ್ಯರೇ ಬೇಕು. ಅವಳು ಪರದೆಯ ಹಿಂದೆ, ಹಡಗುಗಳ ಕಡೆ, ಮೂವತ್ತೊಂದು ವರ್ಷ ನಿಂತಳು. ಅವನ ಎಲ್ಲ ಫೋಟೋಗಳ ಎಡ ಅಂಚಿನಲ್ಲಿ ಅವಳ ನಾಲ್ಕು ಬೆರಳು ಬೀಳುತ್ತಿದ್ದವು. ಪ್ರಿಂಟು ಹಾಕುವಾಗ ಅವನ್ನು ಅವನು ನೀಟಾಗಿ ಕತ್ತರಿಸಿ ತೆಗೆಯುತ್ತಿದ್ದ.

ಹೊರಗೆ ಸ್ಕೂಟರಿನ ಹಾರನ್ ಎರಡು ಸಲ ಕೇಳಿತು. ಅವಳ ತಮ್ಮ. ದೊಡ್ಡ ಹೋಟೆಲಿನಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದ ಅವನು ಎಂಟು ತಿಂಗಳಿಂದ ಅಕ್ಕನ ಜಾಗದಲ್ಲಿ ಬಿದಿರು ಹಿಡಿಯುತ್ತಿದ್ದ, ಹಿಡಿದಷ್ಟು ಹೊತ್ತೂ ಗೊಣಗುತ್ತಿದ್ದ.

"ಏನು ಭಾವ, ಮದುಮಗನ ಹಾಗೆ ಮಿಂಚ್ತಿದ್ದೀರಿ. ಪೌಡರ್ ಹಾಕ್ಕೊಂಡ್ರಾ?"

"ಬೆವರು ಕಣೋ. ಒರೆಸ್ಕೊಂಡೆ."

"ಇವತ್ತು ಒಂದು ದಿನ ನನ್ನ ಭುಜಕ್ಕೆ ರಜಾ. ಮೂವತ್ತೆಂಟು ವರ್ಷ ಮೇಲೆ ಕೆಳಗೆ ಓಡಾಡಿದೆ, ನೀವು ಬಂದು ಅಡ್ಡ ನಿಲ್ಲಿಸಿಬಿಟ್ರಿ."

"ನಿನ್ನಕ್ಕ ಯಾವತ್ತೂ ಹೀಗೆ ಹೇಳ್ಲಿಲ್ಲ."

"ನಿಮ್ಮ ಹತ್ರ ಹೇಳ್ಲಿಲ್ಲ," ಎಂದ ಅವನು, ಕಿಕ್ ಹೊಡೆಯುತ್ತ.

ಹಿಂದಿನ ಸೀಟಿನಲ್ಲಿ ಕುಳಿತವನಿಗೆ ಆ ಮಾತು ನಾಟಿತು. ಆದರೆ ಇವತ್ತಿನ ಸಡಗರದಲ್ಲಿ ಅದು ಆಳಕ್ಕಿಳಿಯಲಿಲ್ಲ. ಬೀದಿಯೇ ಬೇರೆಯಾಗಿ ಕಾಣುತ್ತಿತ್ತು. ಹೋಟೆಲಿನವರು ಒಗೆದ ಹಾಸಿಗೆಬಟ್ಟೆಗಳನ್ನು ಗಾಡಿಯಿಂದ ಇಳಿಸುತ್ತಿದ್ದರು. ಈಜುಡುಗೆಯ ಅಂಗಡಿಯವನು ತಲೆಯಿಲ್ಲದ ಗೊಂಬೆಗೆ ಟೋಪಿ ಹಾಕಲು ನೋಡುತ್ತಿದ್ದ. ಬಿಳಿ ಸಮವಸ್ತ್ರದ ಇಬ್ಬರು ಹುಡುಗರು ಐಸ್ ಕ್ಯಾಂಡಿ ಅಂಗಿಯ ಮೇಲೆ ಸೋರದಿರಲೆಂದು ಸೊಂಟ ಬಗ್ಗಿಸಿ ಕೊಕ್ಕರೆಗಳ ಹಾಗೆ ನಡೆದಿದ್ದರು. ತಲೆಯ ಮೇಲೆ ವಿಮಾನವೊಂದು ಹಾರಿ ಬೀದಿಯ ಮಾತೆಲ್ಲ ಅರ್ಧಕ್ಕೆ ನಿಂತು, ಅದು ಹೋದ ಮೇಲೆ ನಿಂತಲ್ಲಿಂದಲೇ ಮುಂದುವರಿಯಿತು. ಈ ಊರಿನವರು ಹಾಗೆಯೇ. ಜಗಳದ ನಡುವೆಯೂ ವಿಮಾನಕ್ಕೆ ಕಾಯುತ್ತಾರೆ. ಅವಳೂ ಕಾಯುತ್ತಿದ್ದಳು, ಬಾಯಿ ಸ್ವಲ್ಪ ತೆರೆದು, ಮುಂದಿನ ಮಾತನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡು. ಆ ಮಾತು ಯಾವಾಗಲೂ ಅವನದಕ್ಕಿಂತ ಚುರುಕಾಗಿರುತ್ತಿತ್ತು, ಯೋಚಿಸಲು ಸಮಯ ಸಿಕ್ಕಿರುತ್ತಿತ್ತಲ್ಲ. ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅಂಚಿನ ಬೆರಳುಗಳನ್ನು ಕಂಡು, ಹಿಂದೆ ಯಾರೋ ಇದ್ದಾರೆ ಎಂದು ಹೆದರಿದಾಗ ಅವನು ಹೇಳಿದ್ದ: ಯಾರೂ ಇಲ್ಲಮ್ಮ, ಗಾಳಿ. ಹುಡುಗಿ ನಕ್ಕಳು, ಗಂಡ ನಕ್ಕ, ಫೋಟೋ ಚೆನ್ನಾಗಿ ಬಂತು. ಅಂದು ಮಧ್ಯಾಹ್ನ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕುಳಿತು, "ರೀ, ಗಾಳಿ ಊಟಕ್ಕೆ ಬಂದಿದೆ, ಬಡಿಸ್ತೀರಾ?" ಎಂದಿದ್ದಳು. ಅವನೂ ನಕ್ಕಿದ್ದ. ಮರುದಿನದಿಂದ ನಾಲ್ಕು ದಿನ ಅವಳು ಕೆಲಸಕ್ಕೆ ಬರಲಿಲ್ಲ. ಐದನೆಯ ದಿನ ಏನೂ ಆಗದವಳಂತೆ ಬಂದು ಬಿದಿರು ಹಿಡಿದಳು. ಅವನು ಏಕೆಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂದು ಗೊತ್ತಿತ್ತು.

ಕಳೆದ ಭಾನುವಾರ ದಪ್ಪ ಮೀಸೆಯ ಒಬ್ಬರು ಮೊಮ್ಮಕ್ಕಳೊಡನೆ ಫೋಟೋಗೆ ಬಂದಿದ್ದರು. ಪರದೆಯ ಹಿಂದಿಂದ ಭಾವಮೈದ ಸೀನಿದ್ದನ್ನು ಕೇಳಿ ಅವರ ಮುಖ ಸಪ್ಪಗಾಯಿತು. ಅಮ್ಮ ಎಲ್ಲಿ ಎಂದು ಕೇಳಿದರು. ಯಾವ ಅಮ್ಮ ಎಂದು ಇವನು. ಪರದೆ ಹಿಡೀತಿದ್ರಲ್ಲ, ಅವರು. ತೀರಿಕೊಂಡಳು ಎಂದಾಗ ಆ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಹೇಳಿದ್ದು ಇಷ್ಟು: ತಾನು ಗೋಪುರದ ಫೋಟೋ ವಿಭಾಗದವನು. ದಿನವೂ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಗೋಪುರದಿಂದ ಇಡೀ ತೀರದ ಒಂದು ಫೋಟೋ ತೆಗೆಯುವುದು ನಿಯಮ. ಎಲ್ಲಿ ಹೊಸ ಕಟ್ಟಡ ಎದ್ದಿತು, ಯಾವ ದೋಣಿ ಎಲ್ಲಿ ನಿಂತಿತು ನೋಡಲು. ಹನ್ನೆರಡು ವರ್ಷದ ಹಿಂದಿನ ತನಕದ್ದೆಲ್ಲ ಕಾಗದದಲ್ಲಿದೆ. ಈ ಗುರುವಾರ ಎಲ್ಲ ಸುಡುತ್ತಾರೆ. ಬುಧವಾರ ಬನ್ನಿ, ಒಳಗೆ ಬರಲು ಒಬ್ಬರಿಗೆ ಪಾಸು ಮಾಡಿಸಿರ್ತೀನಿ. "ನೋಡ್ಬಹುದು, ತಗೊಂಡು ಹೋಗೋ ಹಾಗಿಲ್ಲ. ಆದ್ರೆ ನೋಡ್ಬೇಕು ನೀವು."

ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಗೋಡೆಗೆ ಹಾಕಲು ಅವಳದೊಂದು ಫೋಟೋ ಮನೆಯಲ್ಲಿರಲಿಲ್ಲ. ಮದುವೆಯದರಲ್ಲಿ ಅವಳು ತಲೆ ತಗ್ಗಿಸಿದ್ದಾಳೆ, ಗುರುತಿನ ಚೀಟಿಯದರಲ್ಲಿ ಕಣ್ಣು ಮುಚ್ಚಿದ್ದಾಳೆ. ಊರಿಗೆ ಬಂದುಹೋದ ಲಕ್ಷ ಜನರ ಮುಖ ತೆಗೆದವನು ಒಂದು ದಿನವೂ ಅವಳನ್ನು ಪರದೆಯ ಈಚೆಗೆ ಕರೆದು ನಿಲ್ಲಿಸಲಿಲ್ಲ. ಅವಳು ಆ ಬದಿಯಲ್ಲಿ ಮುಖವನ್ನು ಹೇಗಿಟ್ಟುಕೊಂಡಿದ್ದಳು? 'ಸುಕ್ಕಾಯ್ತು, ಎಳಿ' ಎಂದು ಇವನು ಜನರೆದುರು ಗದರಿದಾಗ ತುಟಿ ಕಚ್ಚಿಕೊಂಡಳೇ? ನಾಳೆ ಸುಟ್ಟುಹೋಗುವ ಕಾಗದಗಳಲ್ಲಿ ಅದಕ್ಕೆ ಉತ್ತರವಿದೆ.

ನೌಕಾನೆಲೆಯ ಬಾಗಿಲಲ್ಲಿ ಪಾಸು ಸಿದ್ಧವಾಗಿತ್ತು. ಕಾವಲಿನವನು ಮೊಬೈಲು ಇರಿಸಿಕೊಂಡು, ಜೇಬು ತಡವಿ, ತೀರದ ಫೋಟೋದವರಿಗೆ ಕೊಡುವ ಗುರುತಿನ ಪುಸ್ತಕವನ್ನೂ ಫೋಟೋ ನೋಡುವ ಪುಟ್ಟ ಭೂತಗಾಜನ್ನೂ ತಿರುಗಿಸಿ ನೋಡಿ ವಾಪಸು ಕೊಟ್ಟ. "ಹೋಗಿ ಬನ್ನಿ ಭಾವ, ಅಕ್ಕನ್ನ ಕೇಳ್ದೆ ಅಂತ ಹೇಳಿ," ಎಂದು ಭಾವಮೈದ ಹೊರಗೆ ಕಂಬದ ನೆರಳಲ್ಲಿ ಸ್ಕೂಟರು ನಿಲ್ಲಿಸಿಕೊಂಡ.

ಮೀಸೆಯವರ ಕೋಣೆಯಲ್ಲಿ ನೆಲದಿಂದ ಸೂರಿನ ತನಕ ರಟ್ಟಿನ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ತಿಂಗಳು, ವರ್ಷ. ಅವರು ಒಂದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಮೊದಲು ಕಂಡದ್ದು ಅವಳಲ್ಲ, ಊರು. ತಾನು ಹುಟ್ಟಿ ಬೆಳೆದ ಊರನ್ನು ಅವನು ಎಂದೂ ಆ ಕಡೆಯಿಂದ ನೋಡಿರಲಿಲ್ಲ. ಒಂದಂತಸ್ತಿನ ವಸತಿಗೃಹ ಎರಡಾಗಿ, ನಾಲ್ಕಾಗಿ, ಹನ್ನೊಂದಾಗಿ ಏರಿತು. ಎಂಟು ಕೊಡೆ ಎಂಬತ್ತಾದವು. ಮೀನುಗಾರರ ದೋಣಿಗಳು ಒಂದೊಂದೇ ಬದಿಗೆ ಸರಿದು ಚಿತ್ರದಿಂದ ಆಚೆ ಹೋದವು. ಅಪರಿಚಿತ ಊರು, ಬೆನ್ನ ಹಿಂದೆ ಯಾರೋ ನೋಡುತ್ತಿದ್ದಾರೆಂದು ತಿಳಿಯದೆ ಬಟ್ಟೆ ಬದಲಾಯಿಸುತ್ತಿರುವ ಊರು. ಅದರ ನಡುವೆ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ, ಒಂದು ಕೊಳಕು ಬಟ್ಟೆಯ ಚೌಕ. ಅದೇ ತನ್ನ ಪರದೆಯ ಹಿಂಬದಿ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಕಾಶ, ಹಕ್ಕಿ, ಹಾಯಿದೋಣಿ ಯಾವುದೂ ಇಲ್ಲದ ಬರಿ ಬಟ್ಟೆ, ತೇಪೆಗಳು. ತೇಪೆಗಳ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಎತ್ತರದ ಹೆಂಗಸು.

ಭೂತಗಾಜನ್ನು ಕಣ್ಣಿಗೊತ್ತಿದ. ಚಿತ್ರ ಜಾರಿತು, ಮತ್ತೆ ಸಿಕ್ಕಿತು. ಅವಳು ಗೋಪುರಕ್ಕೆ ಮುಖಮಾಡಿ ನಿಂತಿದ್ದಳು. ಒಂದು ಕೈ ಬಿದಿರಿನ ಮೇಲೆ. ಇನ್ನೊಂದು ಕೈ ಸೊಂಟದ ಮೇಲೆ. ತಲೆ ಒಂದಿಷ್ಟು ಓರೆ. ನಗುತ್ತಿದ್ದಳು. ಗಾಜಿನಲ್ಲೂ ಬೇಳೆಯಷ್ಟೇ ಮುಖ, ಆದರೂ ನಗು ನಗುವೇ. ಮುಂದಿನದು: ಗದ್ದಕ್ಕೆ ಕೈ. ಮುಂದಿನದು: ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುವ ಹಾಗೆ. ಇನ್ನೊಂದರಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಳೆ, ಸೆರಗು ಹಾರಿದೆ. ಮತ್ತೊಂದರಲ್ಲಿ ಬಿದಿರಿನ ಹೆಗಲ ಮೇಲೆ ಕೈ ಹಾಕಿ, ಅದಕ್ಕೆ ತಲೆಯಾನಿಸಿದ್ದಾಳೆ. ಇವು ತನ್ನ ಮಾತುಗಳು. ಪರದೆಯ ಈಚೆ ನಿಂತು ತಾನು ಮೂವತ್ತು ವರ್ಷ ಕೂಗಿದ ಮಾತುಗಳು: ಗದ್ದಕ್ಕೆ ಕೈ ಇಡಿ, ದೂರ ನೋಡಿ, ಹೆಗಲ ಮೇಲೆ ಕೈ ಹಾಕಿ, ಹತ್ತಿರ ಬನ್ನಿ, ಇನ್ನೂ ಹತ್ತಿರ, ಈಗ ನಗಿ. ಪ್ರವಾಸಿಗರು ಮುಂದೆ ಮಾಡಿದ್ದನ್ನೆಲ್ಲ ಅವಳು ಹಿಂದೆ ಮಾಡಿದ್ದಳು. ಹತ್ತು ಗಂಟೆಗೆ, ದಿನವೂ.

"ಹತ್ತಕ್ಕೆ ನಮ್ಮ ಕಿಟಕಿ ತೆರೀತಿತ್ತು, ಗಾಜು ಒಂದ್ಸಲ ಹೊಳೀತಿತ್ತು," ಎಂದರು ಮೀಸೆಯವರು. "ಅದನ್ನ ಕಂಡುಹಿಡಿದ್ರು ನೋಡಿ. ನಾವು ಅವರಿಗೆ 'ಹತ್ತು ಗಂಟೆ' ಅಂತ ಹೆಸರಿಟ್ಟಿದ್ವಿ. ಹೊಸಬರಿಗೆ ಕೆಲಸ ಒಪ್ಪಿಸುವಾಗ, ಹತ್ತು ಗಂಟೆ ಬಂದ್ರಾ ನೋಡು ಅಂತ ಹೇಳಿಕೊಡ್ತಿದ್ವಿ. ಪುಸ್ತಕದಲ್ಲಿ ಬರೆಯೋ ಹಾಗಿರ್ಲಿಲ್ಲ, ಬಾಯಿಂದ ಬಾಯಿಗೆ."

"ಒಂದು ದಿನಾನೂ ತಪ್ಪಿಸ್ಲಿಲ್ವಾ?"

"ಒಂದ್ಸಲ ನಾಲ್ಕು ದಿನ ಬರ್ಲಿಲ್ಲ. ಜ್ವರ ಇರ್ಬೇಕು ಅಂದ್ಕೊಂಡ್ವಿ. ನಮ್ಮ ಹುಡುಗನೊಬ್ಬ ದೇವರಿಗೆ ಹರಕೇನೂ ಹೊತ್ಕೊಂಡ."

ಜ್ವರವಲ್ಲ ಎಂದು ಅವನಿಗೆ ಗೊತ್ತಿತ್ತು. ಎದೆಯೊಳಗೆ ಎರಡು ಬಗೆಯ ಬಿಸಿ ಒಟ್ಟಿಗೆ ಎದ್ದಿತ್ತು. ಒಂದು ಸಂತೋಷ, ಕುಣಿಯಬೇಕೆನ್ನುವಂಥದು: ಅವಳು ಅಳುತ್ತಿರಲಿಲ್ಲ, ದೇವರೇ, ಅವಳು ಅಲ್ಲಿ ಹಬ್ಬ ಮಾಡುತ್ತಿದ್ದಳು. ಇನ್ನೊಂದು ಹೊಟ್ಟೆಕಿಚ್ಚು. ಯಾರೋ ಬಿಳಿ ಅಂಗಿಯ ಹುಡುಗರು, ಎರಡೆರಡು ವರ್ಷಕ್ಕೆ ಬದಲಾಗುವವರು, ಅವಳ ನಗುವಿಗೆ ಹೆಸರಿಟ್ಟು ಕಾದಿದ್ದರು. ತಾನು ಎಂಟು ಅಡಿ ದೂರದಲ್ಲಿದ್ದೂ ಬೆರಳು ಕತ್ತರಿಸುತ್ತಿದ್ದ. "ಹತ್ತಾಗ್ತಾ ಬಂತು, ಬೇಗ ಒಂದು ಜೋಡೀನ ಹಿಡೀರಿ," ಎಂದು ಅವಳು ದಿನವೂ ಅವಸರ ಮಾಡುತ್ತಿದ್ದದ್ದು, ವ್ಯಾಪಾರದ ಕಾಳಜಿಯೆಂದು ತಾನು ಮೆಚ್ಚಿಕೊಂಡಿದ್ದದ್ದು ಈಗ ನೆನಪಾಯಿತು. ಹೊಸ ಸೀರೆಯುಟ್ಟು ಬಂದ ದಿನ, ಪರದೆ ಹಿಂದೆ ನಿಲ್ಲೋಳಿಗೆ ಇದೆಲ್ಲ ಯಾಕೆ ಎಂದು ತಾನು ಕೇಳಿದ್ದದ್ದೂ. ನೋಡೋರು ಇರ್ತಾರೆ ಎಂದಿದ್ದಳು. ಆ ಸೀರೆಯೂ ಇಲ್ಲಿತ್ತು, ಮೂರನೆಯ ಪೆಟ್ಟಿಗೆಯಲ್ಲಿ. ಕಪ್ಪುಬಿಳುಪಿನಲ್ಲಿ ಬೂದುಬಣ್ಣವಾಗಿದ್ದರೂ ಅದರ ಹಸಿರು ಅವನಿಗೆ ಕಂಡಿತು.

ಎಷ್ಟು ನೋಡಿದನೋ. ಅವಳು ದಪ್ಪಗಾದಳು, ಸಣ್ಣಗಾದಳು, ಜಡೆ ತುರುಬಾಯಿತು. ಮೀಸೆಯವರು ಗಡಿಯಾರ ನೋಡಿ ಎದ್ದರು. ಬಾಗಿಲ ಬಳಿ ನಿಂತು, ಗೋಡೆಗೆ ಹೇಳುವಂತೆ ಹೇಳಿದರು: "ನಾಳೆ ಸುಡುವಾಗ ಪೆಟ್ಟಿಗೆ ಎಣಿಸ್ತಾರೆ. ಒಳಗಿನದನ್ನ ಎಣಿಸಲ್ಲ. ಈ ಚಿತ್ರಗಳಲ್ಲಿ ನಮ್ದೇನೂ ಇಲ್ಲ, ಇರೋದೆಲ್ಲ ನಿಮ್ಮೂರೇ. ನಾನು ಕೈ ತೊಳ್ಕೊಂಡು ಬರ್ತೀನಿ, ಹತ್ತು ನಿಮಿಷ ಆಗುತ್ತೆ." ಬಾಗಿಲು ಮುಚ್ಚಿಕೊಂಡಿತು.

ಅವನು ಒಂದು ಕ್ಷಣ ಕಣ್ಣು ಮುಚ್ಚಿದ. ಇದು ಕಳ್ಳತನ ಹೌದೋ ಅಲ್ಲವೋ ನೀನೇ ಹೇಳು ಎಂದು ದೇವರನ್ನು ಕೇಳಿದ, ಉತ್ತರಕ್ಕೆ ಕಾಯಲಿಲ್ಲ. ಒಂದೇ ಒಂದು, ಗೋಡೆಗೆ. ಗುರುತಿನ ಪುಸ್ತಕದ ಹೊದಿಕೆಯೊಳಗೆ ಒಂದು ಹಿಡಿಸುತ್ತದೆ, ಎರಡಾದರೆ ಉಬ್ಬುತ್ತದೆ. ಭೂತಗಾಜನ್ನು ಜೇಬಿಗೆ ಹಾಕಿಕೊಂಡು, ಎದುರಿನ ಪೆಟ್ಟಿಗೆಯ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿದ. ಬುದ್ಧಿ ಓಡುತ್ತಿರಲಿಲ್ಲ, ಕೈ ಓಡುತ್ತಿತ್ತು. ಮೂವತ್ತನಾಲ್ಕು ವರ್ಷ ಪ್ರತಿ ಸಂಜೆ ಮಾಡಿದ ಕೆಲಸವನ್ನು ಕೈ ತಾನೇ ಮಾಡತೊಡಗಿತು: ಮಸುಕಾದದ್ದು ಬಲಕ್ಕೆ, ಅಲುಗಿದ್ದು ಬಲಕ್ಕೆ, ಬೆಳಕು ಹೆಚ್ಚಾದದ್ದು ಬಲಕ್ಕೆ, ಪರದೆ ಸುಕ್ಕಾದದ್ದು ಬಲಕ್ಕೆ. ಎಡಕ್ಕೆ ಏಳೆಂಟು ಉಳಿದವು. ಕಾರಿಡಾರಿನಲ್ಲಿ ಬೂಟಿನ ಸದ್ದು. ಏಳೆಂಟರಲ್ಲಿ ಒಂದು ಹೊಳೆಯುತ್ತಿತ್ತು. ತೀರದ ಪ್ರತಿ ಕೊಡೆಯ ಕಡ್ಡಿಯೂ ಎಣಿಸುವಂತಿತ್ತು, ಪರದೆ ಕನ್ನಡಿಯ ಹಾಗೆ ಸಮತಟ್ಟಾಗಿತ್ತು. ಇಂಥ ಪ್ರಿಂಟು ವರ್ಷಕ್ಕೊಂದೂ ಸಿಗುವುದಿಲ್ಲ. ಅದನ್ನು ಹೊದಿಕೆಯೊಳಗೆ ತೂರಿಸಿದ.

ಬಾಗಿಲಲ್ಲಿ ಕಾವಲಿನವನು ಪುಸ್ತಕದ ಮೊದಲ ಹಾಳೆ ತೆರೆದು ಮುಖ ನೋಡಿ, ಮೊಬೈಲು ಕೊಟ್ಟು, ನಮಸ್ಕಾರ ಮಾಡಿದ. ಅವನು ಓಡದೆ ನಡೆಯಲು ಬಹಳ ಕಷ್ಟಪಟ್ಟ.

"ಸಿಕ್ಳಾ ಅಕ್ಕ?" ಭಾವಮೈದ ಸ್ಕೂಟರಿನಿಂದ ಇಳಿದ.

"ಸಿಕ್ಳು ಕಣೋ. ತಂದಿದ್ದೀನಿ. ನಗ್ತಿದ್ಳು, ಒಂಟಿಕಾಲಲ್ಲಿ ನಿಂತಿದ್ಳು, ಬಿದಿರನ್ನ ತಬ್ಕೊಂಡಿದ್ಳು. ನಿಮ್ಮಕ್ಕ ದೊಡ್ಡ ಕಿಲಾಡಿ ಕಣೋ, ಇಡೀ ನೌಕಾಪಡೇನ ಕುಣಿಸಿದ್ದಾಳೆ. ನೋಡು, ನೋಡು." ಚಿತ್ರವನ್ನೂ ಭೂತಗಾಜನ್ನೂ ಅವನ ಕೈಗೆ ತುರುಕಿದ.

ಭಾವಮೈದ ಬಿಸಿಲಿಗೆ ಬೆನ್ನು ತಿರುಗಿಸಿ ನೋಡಿದ. ಗಾಜನ್ನು ಅಂಗಿಗೆ ಉಜ್ಜಿ ಮತ್ತೆ ನೋಡಿದ. "ಎಲ್ಲಿ ನಗ್ತಿದ್ದಾಳೆ?" ಎಂದ.

ಅವನು ಕಿತ್ತುಕೊಂಡು ನೋಡಿದ. ಅಲ್ಲಿ ಅವಳ ಬೆನ್ನಿತ್ತು. ಕಾಲುಗಳನ್ನು ಮರಳಲ್ಲಿ ಊರಿ, ಎರಡೂ ಕೈಯಲ್ಲಿ ಬಿದಿರನ್ನು ಹಿಡಿದು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಅವಳು ಎಳೆಯುತ್ತಿದ್ದಳು. ಪರದೆ ಕನ್ನಡಿಯಂತೆ ನಿಂತಿದ್ದದ್ದು ಅದಕ್ಕೆ. ಅಂದು ಜೋರು ಗಾಳಿಯಿದ್ದಿರಬೇಕು; ತಾನು ಗದರಿರಬೇಕು.

"ಅಷ್ಟು ಜನ ಅಕ್ಕಂದಿರನ್ನ ಅಲ್ಲೇ ಬಿಟ್ಟು, ಕೆಲಸ ಮಾಡ್ತಿರೋಳನ್ನೇ ಹುಡುಕಿ ತಂದ್ರಾ ಭಾವ?" ಭಾವಮೈದನ ದನಿಯಲ್ಲಿ ಕುಹಕ ಇರಲಿಲ್ಲ. ಅದೇ ಹೆಚ್ಚು ನೋವಾಯಿತು.

ಅವನು ನೆಲೆಯ ಬಾಗಿಲ ಕಡೆ ತಿರುಗಿದ. ಪಾಸು ಒಂದೇ ಸಲಕ್ಕೆ. ನಾಳೆ ಬೆಂಕಿ. ಒಂದು ಗಳಿಗೆ ಕಂಬ ಹಿಡಿದುಕೊಂಡ. ಸುಡಲಿ. ನೋಡಿದ್ದೇನಲ್ಲ. ಎರಡು ಗಂಟೆ ಕಣ್ಣೊತ್ತಿ ನೋಡಿದ್ದೇನೆ.

"ಹೀಗೆ," ಎಂದ.

"ಏನು ಹೀಗೆ?"

"ಹೀಗೆ ನಿಂತಿದ್ಳು." ಅವನು ಸೊಂಟದ ಮೇಲೆ ಕೈಯಿಟ್ಟು ತಲೆ ಓರೆ ಮಾಡಿದ. ಗದ್ದಕ್ಕೆ ಕೈ ಇಟ್ಟ. ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಿದ. ದಾರಿಯಲ್ಲಿ ಹೋಗುತ್ತಿದ್ದ ಪ್ರವಾಸಿಗರ ಕುಟುಂಬವೊಂದು ನಿಂತು ನೋಡಿತು. ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ನಿಲ್ಲಿಸಲಿಲ್ಲ. ಬೆವರಿನಲ್ಲಿ ಗೆರೆಯಂಗಿ ಬೆನ್ನಿಗಂಟಿತ್ತು.

ಕಾವಲಿನವನು ಹತ್ತಿರ ಬಂದ. "ಯಜಮಾನ್ರೇ, ಇಲ್ಲಿ ನಿಲ್ಲೋ ಹಾಗಿಲ್ಲ."

"ಒಂದು ನಿಮಿಷ ಬಿಡಪ್ಪ," ಎಂದ ಭಾವಮೈದ. ಅವನು ಸ್ಕೂಟರಿನ ಸೀಟಿನ ಮೇಲೆ ಕುಳಿತು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ನಮ್ಮಕ್ಕನ್ನ ತೋರಿಸ್ತಿದ್ದಾರೆ. ಭಾವ, ಒಂಟಿಕಾಲಿಂದು ಮಾಡಿ."

ಅವನು ಒಂದು ಕಾಲೆತ್ತಿದ. ಬಲಗೈಯನ್ನು ಗಾಳಿಯಲ್ಲಿ ಸೆರಗಿನ ಹಾಗೆ ಚಾಚಿದ. ಎಡಗೈ ಮಾತ್ರ ಎಲ್ಲಿಡಬೇಕೆಂದು ತಿಳಿಯದೆ ಪಕ್ಕದಲ್ಲಿ ತೂಗಾಡಿತು, ಮೈ ವಾಲಿತು. ಈ ಕೈ ಎಲ್ಲಿತ್ತು? ಒಂದೊಂದೇ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡ. ಹಸಿರು ಸೀರೆಯದು, ಗದ್ದದ್ದು, ಸೊಂಟದ್ದು, ತುರುಬಿನದು. ಎಲ್ಲದರಲ್ಲೂ ಆ ಕೈ ಒಂದೇ ಕಡೆ ಇತ್ತು. ನಕ್ಕದ್ದು, ಕುಣಿದದ್ದು, ದೂರ ನೋಡಿದ್ದು, ಅವಳು ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಿದ್ದಳು. ಅವನು ಎಡಗೈಯನ್ನು ನಿಧಾನವಾಗಿ ಪಕ್ಕಕ್ಕೆ ಚಾಚಿ, ಏನೂ ಇಲ್ಲದಲ್ಲಿ ಬೆರಳುಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದ. ಆಗ ವಾಲುತ್ತಿದ್ದ ಮೈ ನೆಟ್ಟಗೆ ನಿಂತಿತು.